ರೊಟ್ಟಿಗೆ ಹಿಡಿದ ಗ್ರಹಣ

ಫೋಟೊ ತೆಗೆಯುವುದರಲ್ಲಿ ಬೆಟಗೇರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ನನ್ನ ಸ್ಟುಡಿಯೋದ ಬೋರ್ಡಿನ ಮೇಲೆಯೇ ಬರೆದಿದೆ. ಬರೆಸಿದವನು ನಾನೇ.

ಗದಗ ಹೊಸ ಜಿಲ್ಲೆಯಾದ ಹುರುಪಿನಲ್ಲಿ ನಮ್ಮ ಕೆಲವು ಹಿರಿಯರು ಜಿಲ್ಲೆಗೊಂದು ವಿಶ್ವಕೋಶ ತರಲು ಹೊರಟರು. ಲಕ್ಷ್ಮೇಶ್ವರದ ಮಾಬೂಸಾಬ ಮಾಸ್ತರರು ಸಂಪಾದಕರು. 'ಖಡಕ್ ರೊಟ್ಟಿ' ಎಂಬ ಲೇಖನಕ್ಕೊಂದು ಚಿತ್ರ ಬೇಕು, ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ ಎಂದು ನನಗೆ ಹೇಳಿಕಳಿಸಿದರು. ಎಷ್ಟೋ ಮದುವೆಗಳ ಫೋಟೊ ತೆಗೆದಿದ್ದೇನೆ, ಒಂದರ ಕೆಳಗಾದರೂ ಯಾರೂ ನನ್ನ ಹೆಸರು ಹಾಕಿಸಿರಲಿಲ್ಲ. ಈ ಹೆಸರು ನನಗೆ ಬೇಕೇಬೇಕಿತ್ತು.

ಹೆಂಡತಿ ಗಂಗವ್ವ ರೊಟ್ಟಿಗಳನ್ನು ಒಲೆಗೆ ಒರಗಿಸಿ ಖಡಕ್ ಮಾಡುತ್ತಿದ್ದಳು. ರೀಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಅಲ್ಲಿಯೇ ಒಂದು ಫೋಟೊ ಹೊಡೆದೆ.

"ಆತಲ್ಲ, ಇನ್ನ ಉಣ್ಣಾಕ ಕುಂಡ್ರಿ," ಎಂದಳು.

"ಇದು ಬರೇ ರೊಟ್ಟಿ. ನನಗ ಬೇಕಾಗಿದ್ದು ಕಲೆ," ಎಂದೆ.

ತೆಳ್ಳಗಿನ ರೊಟ್ಟಿಯ ಹಿಂದೆ ಮುಳುಗುವ ಸೂರ್ಯನಿದ್ದರೆ ರೊಟ್ಟಿ ಬಂಗಾರದಂತೆ ಹೊಳೆಯುತ್ತದೆ ಎಂಬುದು ನನ್ನ ಸಿದ್ಧಾಂತ. ರೊಟ್ಟಿಯ ಗಂಟು ಕಟ್ಟಿಕೊಂಡು ಗುಡ್ಡದ ಬುಡದಲ್ಲಿರುವ ಡೋಣಿ ಊರಿನ ಬಸ್ಸು ಹತ್ತಿದೆ. ಕಪ್ಪತಗುಡ್ಡ ಏರಿ ಗಂಟು ಬಿಚ್ಚಿದರೆ, ಒಂದನ್ನು ಬಿಟ್ಟು ಎಲ್ಲವೂ ಚೂರು! ಅಲ್ಲಿದ್ದ ಕುರಿಗಾಹಿಗೆ ಚೂರುಗಳನ್ನು ಕೊಟ್ಟು, ಉಳಿದದ್ದನ್ನು ಸೂರ್ಯನಿಗೆ ಅಡ್ಡ ಹಿಡಿಯಲು ಹೇಳಿದೆ.

"ರೊಟ್ಟಿ ತಿನ್ನೂದು ಬಿಟ್ಟು ಸೂರ್ಯಾಗ ತೋರಸ್ತೀರೇನ್ರಿ?" ಎನ್ನುತ್ತ ಹಿಡಿದ. ಗಾಳಿ ಅದನ್ನು ಅವನ ಕೈಯಿಂದ ಕಸಿದು, ಸರಿಯಾಗಿ ಸೂರ್ಯನಿಗೆ ಅಡ್ಡವಾಗಿ ಮೇಲಕ್ಕೆಸೆಯಿತು. ಅದೇ ಗಳಿಗೆಯಲ್ಲಿ ನಾನು ಬಟನ್ ಒತ್ತಿದೆ. ಇಂಥ ಗಳಿಗೆ ಕಲಾವಿದನಿಗೆ ಮಾತ್ರ ಸಿಗುತ್ತದೆ.

ರೀಲು ತೊಳೆಸಿ, ಪ್ರಿಂಟುಗಳನ್ನೆಲ್ಲ ಮಾಸ್ತರರ ಮುಂದಿಟ್ಟೆ. ಕಲಾಕೃತಿಯನ್ನು ಬಹಳ ಹೊತ್ತು ನೋಡಿದರು.

"ಭಾಳ ಚಂದ ಐತ್ರಿ. ಆದ್ರ ಗ್ರಹಣದ ಲೇಖನ ನಮ್ಮ ಪುಸ್ತಕದಾಗ ಇಲ್ಲಲ್ಲ?"

"ಅದು ರೊಟ್ಟಿ ರೀ!"

"ಇರಬಹುದ್ರಿ. ರೊಟ್ಟಿ ಕಂಡಿರದವ ಇದನ್ನ ನೋಡಿ, ರೊಟ್ಟಿ ಅಂದ್ರ ಹಿಂಗಿರತೈತಿ ಅಂತ ತಿಳಕೋಬೇಕಲ್ಲ? ಕರ್ರಗ ಐತಿ, ಆಕಾಶದಾಗ ಐತಿ." ಅವರು ಒಲೆಯ ಮುಂದಿನ ಫೋಟೊ ಎತ್ತಿಕೊಂಡರು. "ಇದು ನೋಡ್ರಿ ಖರೆ ರೊಟ್ಟಿ. ನಿಮ್ಮ ಗಂಗವ್ವಾರ ಕೈಯಾಗಿಂದಲ್ಲ?"

ನನಗೆ ಮೈಯೆಲ್ಲ ಉರಿಯಿತು. "ಅದರ ಕೆಳಗ ನನ್ನ ಹೆಸರು ಹಾಕಿದ್ರ ನಾ ಸುಮ್ನಿರಂಗಿಲ್ಲ!" ಎಂದು ಗುಡುಗಿ ಎದ್ದು ಬಂದೆ. ಮಾಸ್ತರರು ಬಹಳ ಮರ್ಯಾದಸ್ಥರು. ಹಾಕಲಿಲ್ಲ.

ಮನೆಯಲ್ಲಿ ಗಂಗವ್ವ ನನ್ನ ಕಲಾಕೃತಿ ನೋಡಿದಳು. ಮಾಸ್ತರರ ಮಾತನ್ನೂ ಕೇಳಿಸಿಕೊಂಡಳು. ನನ್ನ ಮುಂದಿದ್ದ ತಾಟನ್ನು ಮೆಲ್ಲಗೆ ಎಳೆದುಕೊಂಡಳು.

"ಗ್ರಹಣ ಹಿಡದಾಗ ಉಣಬಾರದು," ಎಂದಳು.

ಆ ದಿನ ನಾನು ಪೇಟೆಯ ಚುರುಮುರಿ ಗಿರಮಿಟ್ಟಿನ ಮೇಲೆ ಬದುಕಿದೆ. ಆದರೂ ಬಗ್ಗಲಿಲ್ಲ. ಚಿತ್ರಕ್ಕೆ ದೊಡ್ಡ ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದೆ.

ವಿಶ್ವಕೋಶ ಬಂತು. ರೊಟ್ಟಿಯ ಚಿತ್ರದ ಕೆಳಗೆ ಹೀಗಿತ್ತು: 'ಚಿತ್ರ: ಗಂಗವ್ವ, ಬೆಟಗೇರಿ.'

ಮೊನ್ನೆ ಶಿರಹಟ್ಟಿಯಿಂದ ಒಬ್ಬ ಬಂದ. "ಪುಸ್ತಕದಾಗಿನ ಫೋಟೊ ತಗದ ಅಕ್ಕಾರು ಅದಾರೇನ್ರಿ? ತಂಗಿ ಮದುವಿ ಐತಿ, ಅವರೇ ಬೇಕು," ಎಂದ. ಒಳಗಿನಿಂದ ಗಂಗವ್ವ, "ಬಂದೆ ತಡೀರಿ," ಎಂದಳು.

ಅವನು ಗೋಡೆ ನೋಡಿದ. "ಗ್ರಹಣ ಚೊಲೋ ಬಂದೈತಿ. ಇದೂ ಅಕ್ಕಾರು ತಗದಿದ್ದೇನ್ರಿ?"

"ಅದು ರೊಟ್ಟಿ. ತಗದಾವ ನಾನು," ಎಂದೆ.

ಅವನು ಒಮ್ಮೆ ನನ್ನ ಮುಖ ನೋಡಿದ. ಅಕ್ಕಾರು ಬರುವ ತನಕ ಹೊರಗೇ ನಿಂತಿರುತ್ತೇನೆ ಎಂದ.