ನಲವತ್ತೈದು ಮೀಟರ್ ಎತ್ತರದ ಯೌವನ

ಬೆಳಗಿನ ದಲಾದಲಾ ಬಸ್ಸಿನಲ್ಲಿ ಗಡ್ಡದವನೊಬ್ಬ ಎದ್ದು ಸೀಟು ಬಿಟ್ಟುಕೊಡದೆ ಇದ್ದಿದ್ದರೆ, ಎಂಜಿನಿಯರ್ ಎಡ್ಗರ್ ಹೌಲೆ ಆ ಗುರುವಾರವನ್ನೂ ಎಲ್ಲ ಗುರುವಾರಗಳ ಹಾಗೆ ನೆಲದ ಮೇಲೆಯೇ ಕಳೆಯುತ್ತಿದ್ದ.

ದಾರ್ ಎಸ್ ಸಲಾಮಿನ ಆ ಹೊತ್ತಿನ ಬಸ್ಸೆಂದರೆ ಉಪ್ಪಿನಕಾಯಿ ಭರಣಿ. ಎಡ್ಗರ್ ಕಂಬಿಗೆ ಜೋತುಬಿದ್ದು ನಿಂತಿದ್ದ. ಮುಂದಿನ ಸೀಟಿನಲ್ಲಿ ಕೂತವನಿಗೆ ಎದೆಯುದ್ದ ಗಡ್ಡ, ತೊಡೆಯ ಮೇಲೆ ಚರ್ಮದ ಚೀಲ, ನೆತ್ತಿಯಲ್ಲಿ ಕೂದಲು ವಿರಳ. ನನ್ನ ವಾರಿಗೆಯವನೇ ಇರಬೇಕು, ಪಾಪ ನನಗಿಂತ ಹೆಚ್ಚು ಬಾಡಿದ್ದಾನೆ ಎಂದು ಎಡ್ಗರ್ ಒಳಗೊಳಗೇ ಸಮಾಧಾನಪಡುವಷ್ಟರಲ್ಲಿ ಅವನು ತಟಕ್ಕನೆ ಎದ್ದು ತಲೆಬಾಗಿಸಿದ.

"ಶಿಕಾಮೊ, ಯಜಮಾನ್ರೇ. ಬನ್ನಿ, ಕೂತ್ಕೊಳ್ಳಿ. ಎಷ್ಟೊತ್ತು ಅಂತ ನಿಂತಿರ್ತೀರಾ ಈ ವಯಸ್ಸಲ್ಲಿ?"

ಶಿಕಾಮೊ! ಚಿಕ್ಕವರು ದೊಡ್ಡವರಿಗೆ ಹೇಳುವ ವಂದನೆ ಅದು. ಎಡ್ಗರ್ ತನ್ನ ತಾತನಿಗೆ, ಮಾವನಿಗೆ, ಚರ್ಚಿನ ಪಾದ್ರಿಗೆ ಹೇಳುತ್ತ ಬೆಳೆದ ಮಾತು. ಓಣಿಯ ಮಕ್ಕಳು ಅವನಿಗೆ ಹೇಳುವುದುಂಟು, ಅದು ಬೇರೆ. ಗಡ್ಡ ಬಂದವನ ಬಾಯಿಂದ ಕೇಳಿದ್ದು ಇದೇ ಮೊದಲು. ಉತ್ತರವಾಗಿ "ಮರಹಬಾ" ಎನ್ನಬೇಕು. ಎಂದರೆ ಮುದುಕನಾದೆ ಎಂದು ರುಜು ಹಾಕಿಕೊಟ್ಟಂತೆ, ಎನ್ನದಿದ್ದರೆ ಸೊಕ್ಕಿನವನು ಎನಿಸಿಕೊಂಡಂತೆ. ಎರಡಕ್ಕೂ ಒಲ್ಲದೆ ಎಡ್ಗರ್ ಕೆಮ್ಮಿದ.

"ಅಯ್ಯೋ, ಎದೇಲಿ ಕಫ ಬೇರೆ ಕಟ್ಟಿದೆ," ಎಂದಳು ಪಕ್ಕದ ಹೆಂಗಸು. "ಶುಂಠಿ ಕುಡೀರಿ ಯಜಮಾನ್ರೇ."

ಎಡ್ಗರನಿಗೆ ಮೂವತ್ತೊಂಬತ್ತು. ಬರುವ ತಿಂಗಳು ನಲವತ್ತು. ಅವನು ಕೂತ. ಕೂತ ಮೇಲೆ ಮೊಣಕಾಲಿಗೆ ನಿಜಕ್ಕೂ ಹಾಯೆನಿಸಿತು, ಅದೇ ಅವನನ್ನು ಇನ್ನಷ್ಟು ಕಂಗೆಡಿಸಿತು.

ಹದಿನೈದು ವರ್ಷದಿಂದ ಅವನು ಮೊಬೈಲ್ ಟವರ್ ನೋಡಿಕೊಳ್ಳುವ ಕಂಪನಿಯೊಂದರಲ್ಲಿದ್ದ. ಸೇರಿದ ಹೊಸದರಲ್ಲಿ ದಿನಕ್ಕೆ ಮೂರು ಟವರ್ ಹತ್ತಿ ಇಳಿಯುತ್ತಿದ್ದ. ಆಗ ಮೇಲಧಿಕಾರಿಗಳೆಲ್ಲ ಅವನಿಗಿಂತ ದೊಡ್ಡವರು. ಈಗ ಮ್ಯಾನೇಜರ್ ಲೈಟ್‌ನೆಸ್‌ಗೆ ಮೂವತ್ತೊಂದು, ಅವಳ ಕೈಕೆಳಗೆ ಹೊಸದಾಗಿ ಬಂದ ಬ್ರಾಯ್ಸನ್‌ಗೆ ಇಪ್ಪತ್ನಾಲ್ಕು. ಎಡ್ಗರ್ ಅರ್ಧ ದಿನ ನಕ್ಷೆ ಹರಡಿಕೊಂಡು ಹಾಕುವ ಲೆಕ್ಕವನ್ನು ಬ್ರಾಯ್ಸನ್ ಫೋನಿನ ಮೇಲೆ ಬೆರಳಾಡಿಸಿ ಚಹಾ ಆರುವುದರೊಳಗೆ ಮುಗಿಸುತ್ತಿದ್ದ. ಮುಗಿಸಿ, ವಿನಯದಿಂದ, "ನೀವು ಒಂದ್ಸಲ ನೋಡಿಬಿಡಿ ಯಜಮಾನ್ರೇ" ಎನ್ನುತ್ತಿದ್ದ. ಆ ವಿನಯ ಚಪ್ಪಲಿಯೊಳಗಿನ ಮುಳ್ಳಿನ ಹಾಗೆ ದಿನವಿಡೀ ಚುಚ್ಚುತ್ತಿತ್ತು.

ಅಂದು ಕಚೇರಿ ಮೆಟ್ಟಿಲು ಹತ್ತುತ್ತಿದ್ದಂತೆ ಟೈಪಿಸ್ಟ್ ಮ್ವಾನಾಹವಾ ಅವನನ್ನು ಮೂಲೆಗೆ ಎಳೆದಳು. ಅವಳಿಗೆ ಗೊತ್ತಾದ ಗುಟ್ಟು ಬಿಸಿ ಗೆಣಸಿದ್ದಂತೆ, ಬಾಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಲಾರಳು.

"ಡೈರೆಕ್ಟ್ರು ಒಂದು ಪಟ್ಟಿ ಕೇಳಿದಾರಂತೆ. ನಲವತ್ತು ಹತ್ರ ಬಂದಿರೋ ಎಂಜಿನಿಯರುಗಳದ್ದು. ಮೊದಲ್ನೇ ಹೆಸರು ಯಾರದು ಅಂತ ನಾನು ಹೇಳಲ್ಲ."

"ನಂದಾ?"

"ನಾನು ಹೇಳಲ್ಲ ಅಂದ್ನಲ್ಲ," ಎಂದು ಅವಳು ಕಣ್ಣು ತುಂಬಿಕೊಂಡು ಅವನ ಭುಜ ತಟ್ಟಿದಳು. "ಧೈರ್ಯ ತಗೊಳ್ಳಿ. ನಮ್ಮ ಚಿಕ್ಕಪ್ಪನ್ನೂ ಹೀಗೇ ಕಳಿಸಿದ್ರು. ಈಗ ಕೋಳಿ ಸಾಕ್ಕೊಂಡು ಆರಾಮಾಗಿದಾರೆ."

ಎಡ್ಗರನ ಕಣ್ಣ ಮುಂದೆ ಕೋಳಿಗಳು ಸುಳಿದಾಡತೊಡಗಿದವು. ಇಬ್ಬರು ಮಕ್ಕಳ ಶಾಲೆ, ಹೆಂಡತಿ ಜೆನೆರೋಸಾ, ತಾನು, ನಡುವೆ ಕೊಕ್ಕೊಕ್ಕೋ ಎನ್ನುವ ಉಳಿದ ಆಯಸ್ಸು.

ಹೀಗಿರುವಾಗಲೇ ಟಂಡಿಕಾ ಮಾರುಕಟ್ಟೆಯ ಪಕ್ಕದ ಟವರಿನಿಂದ ದೂರು ಬಂತು. ಹಿಂದಿನ ದಿನದ ಗಾಳಿಗೆ ಮೇಲಿನ ಡಿಶ್ ತಿರುಗಿಕೊಂಡು ಅರ್ಧ ಬಡಾವಣೆಯ ಫೋನ್ ಸತ್ತಿತ್ತು. ಲೈಟ್‌ನೆಸ್ ಎಡ್ಗರ್, ಬ್ರಾಯ್ಸನ್ ಇಬ್ಬರನ್ನೂ ಕಳಿಸಿದಳು.

ಟವರಿನ ಬುಡದಲ್ಲಿ ಬ್ರಾಯ್ಸನ್ ಸುರಕ್ಷಾ ಬೆಲ್ಟು ಕೈಗೆತ್ತಿಕೊಂಡು, "ನೀವು ವ್ಯಾನಲ್ಲಿ ಕೂತಿರಿ ಯಜಮಾನ್ರೇ, ಬಿಸಿಲು ಜಾಸ್ತಿ," ಎಂದ.

ಎಡ್ಗರ್ ಬೆಲ್ಟನ್ನು ಅವನ ಕೈಯಿಂದ ಕಿತ್ತುಕೊಂಡ.

"ನಾನು ಹತ್ತೀನಿ."

"ನಿಮ್ಮ ಮೊಣಕಾಲು..."

"ನನ್ನ ಮೊಣಕಾಲಿಗೇನಾಗಿದೆ? ನೀನು ಕೆಳಗಿದ್ದು ಸಿಗ್ನಲ್ ನೋಡಿ ಹೇಳು. ಅಷ್ಟು ಸಾಕು."

ಬೆಲ್ಟಿನ ಎರಡು ತುದಿಗಳು ಹೊಟ್ಟೆಯ ಮೇಲೆ ಒಂದು ಗೇಣು ದೂರದಲ್ಲೇ ನಿಂತವು. ಎಡ್ಗರ್ ಉಸಿರು ಬಿಗಿಹಿಡಿದ. ಬ್ರಾಯ್ಸನ್ ಹಿಂದಿನಿಂದ ಮಂಡಿ ಊರಿ ಎಳೆದ. ಕೊನೆಗೆ ಕೊಂಡಿ ಕೂತಾಗ ಎಡ್ಗರ್ ನಡುವಿಗೆ ದಾರ ಬಿಗಿದ ಮೂಟೆಯಂತೆ ಕಂಡ. ಉಸಿರನ್ನು ಪೂರ್ತಿ ಬಿಡದೆಯೇ ಏಣಿಗೆ ಕೈಯಿಟ್ಟ.

ಮೊದಲ ಹತ್ತು ಮೀಟರ್ ಅವಮಾನದ ಬಲದಿಂದ ಹತ್ತಿದ. ಮುಂದಿನ ಹತ್ತು, ಗಡ್ಡದವನ ಮುಖ ನೆನೆಸಿಕೊಂಡು. ಆಮೇಲಿನದನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ನಲವತ್ತೈದನೆಯ ಮೀಟರಿನಲ್ಲಿ ಡಿಶ್ ಪಕ್ಕದ ಪುಟ್ಟ ಕಬ್ಬಿಣದ ಕಟ್ಟೆ ಸಿಕ್ಕಾಗ ಎದೆಯೊಳಗೆ ಯಾರೋ ಒನಕೆ ಹಾಕಿ ಕುಟ್ಟುತ್ತಿದ್ದರು.

ಜೇಬಿನಿಂದ ಡಿಶ್‌ನ ಕೋನ ಅಳೆಯುವ ಮೀಟರು ತೆಗೆದ. ಅಂಕಿಗಳೆಲ್ಲ ಇರುವೆ ಸಾಲಾಗಿ ಹರಿದಾಡಿದವು. ಕನ್ನಡಕ ವ್ಯಾನಿನಲ್ಲೇ ಉಳಿದಿತ್ತು.

ಆದರೆ ದೂರದ್ದು ಅವನಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ತಗಡಿನ ಮಾಡುಗಳಾಚೆ, ಬಂದರಿನಾಚೆ, ಕಿಗಂಬೋನಿಯ ದಡದಲ್ಲಿ ಸೂಜಿಯಷ್ಟು ಸಣ್ಣಗೆ ಒಂದು ಟವರ್ ನಿಂತಿತ್ತು. ಈ ಡಿಶ್ ಮುಖ ಮಾಡಬೇಕಾದದ್ದು ಅದಕ್ಕೇ. ಹದಿನೈದು ವರ್ಷದ ಹಿಂದೆ ಅದರ ಮೊದಲ ಬೋಲ್ಟು ಬಿಗಿದವನು ಅವನೇ. ಆ ದಿನ ತುದಿಯಲ್ಲಿ ನಿಂತು, ಜೆನೆರೋಸಾಳಿಗೆ ಫೋನ್ ಮಾಡಿ, "ನಿನ್ನ ಮನೆ ಕಾಣ್ತಿದೆ ಕಣೇ, ಹೊರಗೆ ಬಂದು ಕೈ ಬೀಸು" ಎಂದಿದ್ದ. ಆಗಿನ್ನೂ ಮದುವೆಯಾಗಿರಲಿಲ್ಲ. ಅವಳು ಕೆಂಪು ಕಾಂಗಾ ಬಟ್ಟೆ ಬೀಸಿದ್ದಳು. ಆ ಹುಡುಗ ಎಲ್ಲಿ ಇಳಿದುಹೋದ? ಯಾವ ಏಣಿಯಲ್ಲಿ? ಎಡ್ಗರ್ ಆ ಸೂಜಿಯನ್ನೇ ನೋಡಿದ. ಗಾಳಿ ಕಣ್ಣಿಗೆ ಹೊಡೆದು ನೀರು ಬಂತು. ಗಾಳಿಗೇ ಬಂದದ್ದು ಎಂದುಕೊಂಡ.

ಆಮೇಲೆ ಬೆಲ್ಟಿನ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿ, ಎರಡೂ ಕೈ ಚಾಚಿ, ಕಣ್ಣಂದಾಜಿನಲ್ಲೇ ಡಿಶ್ ತಿರುಗಿಸಿದ.

"ಬಂತು! ಬಂತು! ಪೂರ್ತಿ ಬಂತು!" ಎಂದು ಕೆಳಗಿನಿಂದ ಬ್ರಾಯ್ಸನ್ ಕೂಗಿದ.

ಸರಿಯಾಗಿ ಅದೇ ಗಳಿಗೆಯಲ್ಲಿ, ಟವರಿನೆದುರು ಮಂದಾಜಿ ಬೋಂಡಾ ಕರಿಯುತ್ತಿದ್ದ ಬಿ ಮೋಝಾ ಎಂಬ ಹೆಂಗಸು ತಲೆಯೆತ್ತಿದಳು. ಆಕಾಶದಲ್ಲಿ ಒಬ್ಬ ಗಂಡಸು ಕೈ ಚಾಚಿ ಹಿಂದಕ್ಕೆ ವಾಲಿದ್ದ.

"ಯಾ ಅಲ್ಲಾ! ಹಾರ್ತಿದಾನೆ! ಯಾರಾದ್ರೂ ಹಿಡ್ಕೊಳ್ರೋ!"

ಟಂಡಿಕಾ ಮಾರುಕಟ್ಟೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದುಬಂತು. ಈರುಳ್ಳಿಯವರು, ಹಳೇ ಬಟ್ಟೆಯವರು, ಬಜಾಜಿ ಆಟೋದವರು, ಎಲ್ಲರ ಕೈಯಲ್ಲೂ ಫೋನು. ಫೋನಿಗೆ ಜೀವ ಬಂದು ಎರಡು ನಿಮಿಷವಾಗಿತ್ತಷ್ಟೆ.

"ಹೆಂಡ್ತಿ ಬಿಟ್ಟುಹೋಗಿರ್ಬೇಕು," ಎಂದ ಒಬ್ಬ.

"ಆ ಹೊಟ್ಟೆ ನೋಡಿದ್ರೆ ಹೆಂಡ್ತಿ ಇದಾಳೆ, ಚೆನ್ನಾಗಿ ಬೇಯಿಸಿಹಾಕ್ತಾಳೆ. ಇದು ಬೇರೇನೋ," ಎಂದಳು ಬಿ ಮೋಝಾ.

"ಅವ್ರು ಎಂಜಿನಿಯರು! ಕೆಲಸ ಮಾಡ್ತಿದಾರೆ!" ಎಂದು ಬ್ರಾಯ್ಸನ್ ಗಂಟಲು ಹರಿದುಕೊಂಡ.

"ಸುಮ್ನಿರೋ. ಆ ವಯಸ್ಸಿನೋರನ್ನ ಯಾರಯ್ಯ ಅಲ್ಲಿಗೆ ಕೆಲ್ಸಕ್ಕೆ ಹತ್ತಿಸ್ತಾರೆ?"

ಈ ಮಾತು ಗಾಳಿಯಲ್ಲಿ ಸ್ಪಷ್ಟವಾಗಿ ಮೇಲೆ ತಲುಪಿತು. ಸಿಟ್ಟಿನಿಂದ ಎಡ್ಗರ್ ಇಳಿಯಲು ಕಾಲೆತ್ತಿದ. ಬಲ ಮೊಣಕಾಲು "ಕಟಕ್" ಎಂದು, ತುಕ್ಕು ಹಿಡಿದ ಚಿಲಕದಂತೆ ಅಲ್ಲೇ ನಿಂತುಬಿಟ್ಟಿತು. ಅವನು ಕಟ್ಟೆಯ ಮೇಲೆ ಕುಸಿದು ಕೂತು ಮೊಣಕಾಲು ತಿಕ್ಕತೊಡಗಿದ.

"ನೋಡಿ, ಅಳ್ತಿದಾನೆ!" ಎಂದರು ಕೆಳಗೆ.

ಓಣಿಯ ಮುಖಂಡ ಪಾಝಿ ಧಾವಿಸಿ ಬಂದ. ಇಲಿ ಔಷಧಿ ಮಾರುವವನ ಧ್ವನಿವರ್ಧಕ ಕಿತ್ತುಕೊಂಡು ಗುಂಡಿ ಒತ್ತಿದ. ಒತ್ತಿದ್ದು ಬೇರೆ ಗುಂಡಿ.

"ಇಲಿಗೆ, ತಿಗಣೆಗೆ, ಜಿರಳೆಗೆ! ಒಂದೇ ಸಲ ತಿಂದ್ರೆ ಸಾಕು, ಮತ್ತೆ ಏಳೋ ಮಾತೇ ಇಲ್ಲ!"

"ಅದನ್ನಲ್ಲಯ್ಯ ಅವನಿಗೆ ಹೇಳೋದು!" ಎಂದು ಜನ ಹೌಹಾರಿದರು. ಪಾಝಿ ಬೆವರೊರೆಸಿಕೊಂಡು ಸರಿ ಗುಂಡಿ ಹುಡುಕಿದ.

"ಮೇಲಿರೋ ಯಜಮಾನ್ರೇ! ಜೀವ ದೊಡ್ಡದು! ವಯಸ್ಸಾಗೋದು ತಪ್ಪಲ್ಲ! ನಂಗೂ ಆಗಿದೆ!"

"ನಾನು ಸಾಯಕ್ಕೆ ಬಂದಿಲ್ಲ!" ಎಂದು ಎಡ್ಗರ್ ಅರಚಿದ. ಗಾಳಿ ಅರ್ಧ ಮಾತನ್ನು ಹಾರಿಸಿಕೊಂಡು ಹೋಗಿ, ಕೆಳಗೆ "ಸಾಯಕ್ಕೆ ಬಂದಿ..." ಎಂಬಷ್ಟೇ ಬಿತ್ತು.

ಜನ ಬ್ರಾಯ್ಸನ್‌ನ ಕಡೆ ತಿರುಗಿದರು. ನಿಮ್ಮೋರಲ್ವಾ, ಹತ್ತಿ ಕರ್ಕೊಂಡು ಬಾ ಎಂದು ನಾಲ್ಕಾರು ಕೈಗಳು ಅವನನ್ನು ಏಣಿಗೆ ತಳ್ಳಿದವು. ಬ್ರಾಯ್ಸನ್ ಹತ್ತಿದ. ತರಬೇತಿಯಲ್ಲಿ ಹುಲ್ಲಿನ ಮೇಲೆ ಆರು ಮೀಟರ್ ಹತ್ತಿದ್ದೇ ಅವನ ದಾಖಲೆ. ಹನ್ನೆರಡನೆಯ ಮೀಟರಿನಲ್ಲಿ ಒಮ್ಮೆ ಕೆಳಗೆ ನೋಡಿದ. ಮಾರುಕಟ್ಟೆಯೆಲ್ಲ ಬುಗುರಿಯಂತೆ ತಿರುಗಿತು. ಎರಡೂ ತೋಳಿಂದ ಏಣಿಯನ್ನು ಅಪ್ಪಿ ಕಣ್ಣು ಮುಚ್ಚಿ ಹಲ್ಲಿಯಂತೆ ಅಂಟಿಕೊಂಡ.

"ಯಜಮಾನ್ರೇ..." ಎಂದು ಕ್ಷೀಣವಾಗಿ ಕೂಗಿದ. "ಕೈ ಬಿಡಕ್ಕೆ ಆಗ್ತಿಲ್ಲ. ನನಗೆ ಅಮ್ಮ ಬೇಕು."

ಎಡ್ಗರ್ ಮೇಲಿನಿಂದ ನೋಡಿದ. ಹುಡುಗ ಬೆಲ್ಟು ಹಾಕಿರಲಿಲ್ಲ. ಇದ್ದ ಒಂದೇ ಬೆಲ್ಟು ತನ್ನ ಹೊಟ್ಟೆಯ ಮೇಲಿತ್ತು.

ಆಮೇಲೆ ಅವನು ಮೊಣಕಾಲನ್ನು ಏನೂ ಕೇಳಲಿಲ್ಲ. ಮಡಚದ ಕಾಲನ್ನು ಕೋಲಿನಂತೆ ಜೋತುಬಿಟ್ಟು, ಕೈಗಳ ಬಲದ ಮೇಲೆ ಒಂದೊಂದೇ ಮೆಟ್ಟಿಲು ಇಳಿದ. ಹುಡುಗನ ಮೇಲೆ ಬಂದು, ಪಕ್ಕಕ್ಕೆ ಸರಿದು, ಬೆಲ್ಟಿನ ಹಗ್ಗವನ್ನು ಅವನ ಎದೆಗೆ ಸುತ್ತಿ ತನಗೆ ಬಿಗಿದುಕೊಂಡ.

"ಕಣ್ಣು ತೆಗೀಬೇಡ. ನಾನು ಒಂದು ಅಂದಾಗ ಎಡಗಾಲು, ಎರಡು ಅಂದಾಗ ಬಲಗಾಲು. ಕೇಳಿಸ್ತಾ? ಒಂದು..."

ಇಬ್ಬರೂ ನೆಲ ಮುಟ್ಟಿದಾಗ ಮಾರುಕಟ್ಟೆ ಚಪ್ಪಾಳೆಯಿಂದ ಒಡೆದುಹೋಯಿತು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೇಕೆ ಹಾಕಿದರು. ಬಿ ಮೋಝಾ ಎಡ್ಗರನ ಎರಡೂ ಕೆನ್ನೆ ಹಿಡಿದು, "ಸಾಯಕ್ಕೆ ಹೋದೋನು ಇನ್ನೊಬ್ಬನ ಜೀವ ಉಳಿಸ್ದೆಯಲ್ಲಪ್ಪ," ಎಂದು ಬಾಯಿಗೆ ಬಿಸಿ ಮಂದಾಜಿ ತುರುಕಿದಳು. ಐವತ್ತು ಫೋನುಗಳು ಎಲ್ಲವನ್ನೂ ನುಂಗಿಕೊಂಡವು. ಬ್ರಾಯ್ಸನ್‌ನನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದರು. ಎಡ್ಗರನನ್ನು ಒಬ್ಬ ಬಜಾಜಿಯವನು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ನೋವಿನ ನಡುವೆ ಎಡ್ಗರನಿಗೆ ನಗು ಬರುತ್ತಿತ್ತು. ಈಗ ಬರೆಯಲಿ ಪಟ್ಟಿ!

ಸಂಜೆ ಮನೆಯ ಅಂಗಳದಲ್ಲೇ ಕೂತಿದ್ದಾಗ ಲೈಟ್‌ನೆಸ್ ಫೋನ್ ಮಾಡಿದಳು.

"ಎಡ್ಗರ್ ಅವ್ರೇ, ಡೈರೆಕ್ಟ್ರು ನಿಮ್ಮ ವಿಡಿಯೋ ನಾಲ್ಕು ಸಲ ನೋಡಿದ್ರು. ಎಂಥಾ ಕಸುವು ಅಂದ್ರು!"

"ಅವ್ರ ದಯೆ," ಎಂದ ಎಡ್ಗರ್ ಎದೆಯುಬ್ಬಿಸಿ. "ಆ ನಲವತ್ತರ ಪಟ್ಟಿ ಅಂತ ಏನೋ ಕೇಳ್ದೆ..."

"ಓ, ನಿಮಗೂ ಗೊತ್ತಾಯ್ತಾ? ಯೋಜನಾ ವಿಭಾಗದಲ್ಲಿ ಮುಖ್ಯಸ್ಥರ ಕುರ್ಚಿ ಖಾಲಿಯಿತ್ತು. ಟವರ್ ಹತ್ತಿ ದಣಿದಿರೋ ಅನುಭವಸ್ಥರೊಬ್ಬರಿಗೆ ಕೊಡೋಣ ಅಂತ. ತಣ್ಣನೆ ಕೋಣೆ, ಓಡಾಡಕ್ಕೆ ಕಾರು. ನಿಮ್ಮ ಹೆಸರೇ ಮೊದಲಿತ್ತು. ನಾನೇ ಬರೆದಿದ್ದೆ, ಇವತ್ತು ಸಹಿ ಆಗ್ಬೇಕಿತ್ತು."

ಎಡ್ಗರ್ ಫೋನನ್ನು ಕಿವಿಗೆ ಒತ್ತಿಕೊಂಡ. "ಇತ್ತು ಅಂದ್ರೆ?"

"ಡೈರೆಕ್ಟ್ರು ವಿಡಿಯೋ ನೋಡಿ ನಿಮ್ಮ ಹೆಸರು ಹೊಡೆದುಹಾಕಿದ್ರು. ಇಂಥ ಆಳನ್ನ ಕುರ್ಚೀಲಿ ಕೂರ್ಸಿ ಕೊಳೆಸ್ತೀರಾ ಅಂತ ನನಗೇ ಬೈದ್ರು. ಬ್ರಾಯ್ಸನ್ ಇನ್ಮೇಲೆ ನಾಲ್ಕಡಿ ಸ್ಟೂಲೂ ಹತ್ತಕೂಡದು ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ಅದಕ್ಕೆ ಆ ಕುರ್ಚಿ ಅವನಿಗೆ. ನಿಮಗೆ ದಕ್ಷಿಣದ ಟವರುಗಳೆಲ್ಲ, ಲಿಂಡಿಯಿಂದ ತುಂಡುರು ತನಕ, ಅರವತ್ತನಾಲ್ಕು. ಎಲ್ಲ ನೀವೇ ಖುದ್ದು ಹತ್ತಿ ನೋಡ್ಬೇಕಂತೆ. ಸೋಮವಾರದಿಂದ. ವರದಿ ಬ್ರಾಯ್ಸನ್‌ಗೆ ಕಳಿಸಿ. ಅಭಿನಂದನೆಗಳು!"

ಎಡ್ಗರ್ ಫೋನ್ ಕೆಳಗಿಟ್ಟ. ಒಳಗಿನಿಂದ ಜೆನೆರೋಸಾ ಬಾಗಿಲಿಗೆ ಬಂದಳು. ಮನೆಯೊಳಗೆ ಉಗಾಲಿ ಮುದ್ದೆ, ಸೊಪ್ಪಿನ ಪಲ್ಯದ ವಾಸನೆ.

"ಏನಂತ್ರೀ? ಒಳ್ಳೆ ಸುದ್ದೀನಾ?"

"ಒಳ್ಳೇದೇ."

"ಹಾಗಾದ್ರೆ ಒಳಗೆ ಬನ್ನಿ. ಎಷ್ಟೊತ್ತಿಂದ ಅಂಗಳದಲ್ಲೇ ಕೂತಿದೀರಿ, ಊಟ ಆರ್ತಿದೆ."

ಎಡ್ಗರ್ ಬಾಗಿಲ ಕಡೆ ನೋಡಿದ. ಅಂಗಳದಿಂದ ಹೊಸ್ತಿಲಿಗೆ ಮೂರು ಮೆಟ್ಟಿಲು. ಬಜಾಜಿಯಿಂದ ಇಳಿದಾಗಿನಿಂದ ಅವನು ಅವುಗಳನ್ನೇ ನೋಡುತ್ತ ಕೂತಿದ್ದ.

"ತಟ್ಟೆ ಇಲ್ಲಿಗೇ ತಂದ್ಬಿಡೆ," ಎಂದ.