ಕೆಂಡಾಮಂಡಲದ ಮೇಲೆ ನನ್ನ ಭಾಷಣ

ನನಗೆ ಸಿಟ್ಟು ಜಾಸ್ತಿ. ಸಿಟ್ಟು ಬಂದು ನಗೆಪಾಟಲಾಗುವುದು ಇನ್ನೂ ಜಾಸ್ತಿ. ಚಿತ್ರದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನನಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ಹೀಗಿರುವಾಗ ಹೊಳಲ್ಕೆರೆಯ ಸಂಘವೊಂದರವರು ಬಂದು, "ಯಾವುದಾದ್ರೂ ಒಂದು ಪದದ ಹುಟ್ಟಿನ ಬಗ್ಗೆ ಮಾತಾಡ್ರಿ ಸಾರ್, ಪದ ನಿಮ್ಮಿಷ್ಟ" ಎಂದರು. 'ಕೆಂಡಾಮಂಡಲ' ಎಂದು ಬಾಯಿಂದ ತಾನಾಗಿ ಬಂತು.

ಹೆಂಡತಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಭಾಷಣ ಮುಗಿಯೋ ತನಕ ಒಂದು ಸಲಾನೂ ಕೂಗಾಡದೆ ಇರ್ರಿ ನೋಡಾಣ. ಕೂಗಾಡಿದ್ರೆ ಒಂದು ತಿಂಗಳು ಮುದ್ದೆ ನೀವೇ ತಿರುವ್ಬೇಕು."

"ಹೊರಗೆ ಕೂಗಾಡಿದರೆ ನಿನಗೆ ಹೇಗೆ ಗೊತ್ತಾಗುತ್ತೆ?"

"ಸಿಟ್ಟು ಬಂದ್ರೆ ನಿಮ್ಮ ಎಡಗಿವಿ ಕೆಂಪಗಾಗ್ತೈತೆ. ನಿಮಗೆ ಕಾಣಲ್ಲ, ನನಗೆ ಕಾಣ್ತೈತೆ."

ಮುದ್ದೆ ತಿರುವುವುದು ನನ್ನಿಂದಾಗುವ ಕೆಲಸವಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ತಿರುವಿದ್ದೆ. ಅವತ್ತು ಗಂಟು ಆರಿಸಿಕೊಂಡು ಊಟ ಮಾಡಿದ್ದೆವು. ಆದರೂ ಹಟಕ್ಕೆ ಬಿದ್ದು ಪಂದ್ಯ ಒಪ್ಪಿಕೊಂಡೆ.

ಕುಲುಮೆಯ ಮುಂದೆ

ಕೆಂಡ, ಮಂಡಲ. ಮಂಡಲವೆಂದರೆ ವೃತ್ತ. ಕೆಂಡದ ವೃತ್ತವನ್ನು ಕಣ್ಣಾರೆ ನೋಡೋಣವೆಂದು ಹೊಸದುರ್ಗದ ಕಮ್ಮಾರರೊಬ್ಬರ ಕುಲುಮೆಗೆ ಹೋದೆ.

"ಕುಂತ್ಕಳ್ರಿ ಸಾರ್, ಈ ಮಚ್ಚು ಮುಗಿಸ್ತೀನಿ" ಎಂದರು. ಅದು ಮುಗಿಯುವಷ್ಟರಲ್ಲಿ ತೆಂಗಿನ ತೋಟದವರೊಬ್ಬರು ಇನ್ನೊಂದು ಮಚ್ಚು ತಂದರು. ಆಮೇಲೆ ಕುಡುಗೋಲು ಬಂತು, ಗುದ್ದಲಿ ಬಂತು. ನನ್ನ ಆಮೇಲೆ ಬಂದವರೆಲ್ಲ ಕೆಲಸ ಮಾಡಿಸಿಕೊಂಡು ಹೋದರು. ಒಂದೂವರೆ ಗಂಟೆ ಆದ ಮೇಲೆ ಹಲ್ಲು ಕಚ್ಚಿಕೊಂಡು, "ನನ್ನ ಸರದಿ ಯಾವಾಗ?" ಎಂದೆ.

"ಕಬ್ಬಿಣ ತಂದೋರಿಗೆ ಸರದಿ ಸಾರ್. ನೀವು ಬರಿಗೈಯಾಗೆ ಬಂದೀರಿ."

ನಾನು ಕೂಗಲಿಲ್ಲ. ಉಸಿರು ಬಿಗಿಹಿಡಿದು ಕುಳಿತೆ. ಅವರಿಗೆ ಅಯ್ಯೋ ಅನ್ನಿಸಿರಬೇಕು, ಕೆಂಡ ಕೆದಕಿ ತೋರಿಸಿದರು. "ಕೆಂಡ ಒಂದ್ಕಡೆ ಗುಡ್ಡೆಯಾಗಿದ್ರೆ ಕಬ್ಬಿಣ ಕಾಯ್ತೈತೆ. ಸುತ್ತ ಹರಡಿದ್ರೆ ಕುಂತೋರ ಕಾಲು ಸುಡ್ತೈತೆ, ಅಷ್ಟೇ." ಎಂಥ ಮಾತು! ಬರೆದುಕೊಂಡೆ. ಹೊರಡುವಾಗ ಅವರು ನನ್ನ ಮುಖವನ್ನೇ ನೋಡಿ ಹೇಳಿದರು: "ಇನ್ನೊಂದ್ ಸ್ವಲ್ಪ ಹೊತ್ತು ಹಿಂಗೇ ಕುಲುಮೆ ಕಡೆ ಮುಖ ಮಾಡಿ ಕುಂತ್ಕಳ್ರಿ ಸಾರ್. ಒಂದು ಬುಟ್ಟಿ ಇದ್ದಿಲು ಉಳೀತೈತೆ."

ಬೇವಿನ ಮರದ ತನಕ

ಧರ್ಮಪುರದ ಕಡೆ ಶೇಂಗಾ ಕಿತ್ತ ಹೊಲವೊಂದರಲ್ಲಿ ಕುರಿಮಂದೆ ಬೀಡುಬಿಟ್ಟಿತ್ತು. ಅಲ್ಲಿದ್ದ ಹಿರಿಯ ಕುರಿಗಾಹಿಯನ್ನು, "ಸಿಟ್ಟು ನೆತ್ತಿಗೇರಿದರೆ ನೀವು ಏನಂತೀರಿ?" ಎಂದು ಕೇಳಿದೆ.

"ಏನೂ ಅನ್ನಲ್ಲ ಸಾರ್. ಮಂದೆ ಹತ್ರ ನಾವು ದನಿ ಎತ್ತಂಗಿಲ್ಲ, ಕುರಿ ಬೆದರ್ತಾವೆ. ಏನೇ ಜಗಳ ಇದ್ರೂ ಅಗೋ ಆ ಬೇವಿನ ಮರದ ತನಕ ಹೋಗಿ ಬೈದು ಬರ್ತೀವಿ."

ನನಗೆ ಕಣ್ಣು ತುಂಬಿ ಬಂತು. ಇದಲ್ಲವೇ ಸಂಸ್ಕಾರ ಎಂದು ಪುಸ್ತಕ ತೆಗೆದು ಬರೆಯತೊಡಗಿದೆ. ಬರೆಯುತ್ತಿದ್ದ ಹಾಗೆಯೇ ಹಿಂದಿನಿಂದ ಒಂದು ಕುರಿ ಬಂದು ಕಮ್ಮಾರರ ಮಾತಿದ್ದ ಹಾಳೆಯನ್ನು ಹರಿದು ಬಾಯಿಗೆ ಹಾಕಿಕೊಂಡಿತು.

"ಲೇ!" ಎಂದು ಕಿರುಚಿದೆ.

ಮಂದೆ ದಿಕ್ಕಾಪಾಲಾಗಿ ಓಡಿತು. ಸಂಜೆಯ ತನಕ ಆತ ಒಂದು ಕಡೆ, ನಾನೊಂದು ಕಡೆ ಓಡಿ ಓಡಿ ಕುರಿ ಕೂಡಿಸಿದೆವು. ಚಪ್ಪಲಿ ಹರಿಯಿತು. ಕೊನೆಯ ಕುರಿಯನ್ನೂ ಒಳಗೆ ಸೇರಿಸಿದ ಮೇಲೆ ಆತ ಮೆಲುದನಿಯಲ್ಲಿ, ಬಹಳ ಮರ್ಯಾದೆಯಿಂದ ಕರೆದ: "ಬರ್ರಿ ಸಾರ್. ಬೇವಿನ ಮರದ ತನಕ ಹೋಗಿ ಬರಾಣ."

ಮನೆ ಮುಟ್ಟುವಷ್ಟರಲ್ಲಿ ಕಿವಿ ತಣ್ಣಗಾಗಿತ್ತು. ಹೆಂಡತಿಗೆ ಏನೂ ಹೇಳಲಿಲ್ಲ.

ವೇದಿಕೆಯ ಮೇಲೆ

ಹೊಳಲ್ಕೆರೆಯಲ್ಲಿ ಹೆಂಡತಿ ಮುಂದಿನ ಸಾಲಿನಲ್ಲೇ ಕುಳಿತಳು. ಇನ್ನು ಒಂದೇ ಗಂಟೆ ತಡೆದುಕೊಂಡರೆ ಪಂದ್ಯ ನನ್ನದು.

ಸ್ವಾಗತವಾಯಿತು. ದೀಪ ಹಚ್ಚಿದ್ದಾಯಿತು. ಆಮೇಲೆ ಹನ್ನೊಂದು ಮಂದಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಸನ್ಮಾನ ಮಾಡಿಸಿಕೊಂಡವರೆಲ್ಲ "ಎರಡೇ ಮಾತು" ಎಂದು ಮೈಕ್ ಹಿಡಿದು ಬಿಡಲೇ ಇಲ್ಲ. ಎರಡೂವರೆ ಗಂಟೆ ಕಳೆದ ಮೇಲೆ ನನ್ನನ್ನು ಕರೆದರು. ನಗುನಗುತ್ತಲೇ ಶುರು ಮಾಡಿದೆ: "ಮುನಿಸು ಬರುವುದು ಬೇಕಾದವರ ಮೇಲೆ. ಸಿಟ್ಟು ಯಾರ ಮೇಲಾದರೂ ಬರುತ್ತದೆ. ಆದರೆ ಕೆಂಡಾಮಂಡಲ..."

ಅಷ್ಟರಲ್ಲಿ ನಿರೂಪಕ ಒಂದು ಚೀಟಿ ಕೊಟ್ಟ. 'ಊಟ ಆರುತ್ತಿದೆ. ಎರಡು ನಿಮಿಷದಲ್ಲಿ ಮುಗಿಸಿ.'

"ಎರಡು ನಿಮಿಷಾನಾ!" ಎಂದು ಮೇಜಿಗೆ ಗುದ್ದಿದೆ. "ಕುಲುಮೆ ಮುಂದೆ ಬೆಂದಿದೀನಿ! ಕುರಿ ಹಿಂದೆ ಓಡಿದೀನಿ! ಚಪ್ಪಲಿ ಹರ್ಕಂಡಿದೀನಿ! ಹನ್ನೊಂದು ಶಾಲಿಗೆ ಟೈಮೈತೆ, ನನಗೆ ಎರಡು ನಿಮಿಷಾನಾ!" ನೀರಿನ ಲೋಟ ಉರುಳಿತು. ಚೀಟಿ ಚೂರುಚೂರಾಯಿತು.

ಮುಗಿಯಿತು ನನ್ನ ಮಾನ ಎಂದುಕೊಂಡೆ. ಆಗ ಅಧ್ಯಕ್ಷರು ಎದ್ದುನಿಂತು ಚಪ್ಪಾಳೆ ತಟ್ಟಿದರು. "ಅರ್ಥ ಹೇಳೋರು ಬೇಕಾದಷ್ಟು ಜನ ಅದಾರೆ. ಕೆಂಡಾಮಂಡಲ ಅಂದ್ರೆ ಏನು ಅಂತ ಹಿಂಗೆ ಮಾಡಿ ತೋರ್ಸಿದೋರು ಇವರೊಬ್ರೇ!" ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಾನು ನಾಚಿಕೆಯಿಲ್ಲದೆ ಕೈಮುಗಿದೆ. ಹನ್ನೆರಡನೆಯ ಶಾಲು ನನಗೇ ಬಂತು.

ಬಸ್ಸಿನಲ್ಲಿ ಹೆಂಡತಿ ಆ ಶಾಲನ್ನು ಜೋಪಾನವಾಗಿ ಮಡಿಸಿ ಚೀಲಕ್ಕಿಟ್ಟಳು. ನಾನು ಕೂಗಾಡಿದ್ದು ಬರೀ ನಟನೆಯೆಂದು ಅವಳೂ ನಂಬಿದಳು ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಮನೆಗೆ ಬಂದವನೇ, "ಹೇಗಿತ್ತೇ ನನ್ನ ಅಭಿನಯ?" ಎಂದೆ.

"ಬಾಳ ಚೆನ್ನಾಗಿತ್ತು. ಕೂಗೋದು, ಗುದ್ದೋದು ಯಾರ್ ಬೇಕಾದ್ರೂ ಮಾಡ್ತಾರೆ. ಕಿವಿ ಹೆಂಗೆ ಕೆಂಪು ಮಾಡ್ಕಂಡ್ರಿ, ಅದೊಂದು ನನಗೂ ಹೇಳ್ಕೊಡ್ರಿ."

ನನ್ನ ಕೈ ತಾನಾಗಿ ಎಡಗಿವಿಗೆ ಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ಮುದ್ದೆ ಕೋಲು ತಂದು ಕೈಗಿಟ್ಟಳು.

"ಎಸರು ಇಡ್ರಿ. ಸಿಟ್ಟು ಇನ್ನೂ ಉಳಿದಿದ್ರೆ ಮುದ್ದೆ ಮೇಲೆ ತೀರಿಸ್ಕಳ್ರಿ, ಈ ಸಲ ಗಂಟಾಗಲ್ಲ."