ಆಟೋದಲ್ಲಿ ಬಾಯಿಬಿಟ್ಟ ಮಹದೇವ

ಶನಿವಾರ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದ ಮಹದೇವ, ಮೂತ್ರ ಕೆಂಪಗಿರುವುದನ್ನು ಕಂಡು ಗೋಡೆ ಹಿಡಿದು ನಿಂತುಬಿಟ್ಟ. ಅಂತಿಂಥ ಕೆಂಪಲ್ಲ, ಮದುವೆಮನೆಯ ಆರತಿ ತಟ್ಟೆಯಲ್ಲಿ ಕದಡಿದ ಓಕುಳಿಯಂಥ ಕೆಂಪು.

ಮಂಡ್ಯದಿಂದ ಚೆನ್ನೈಗೆ ಬಂದು, ಪೆರುಂಗುಡಿಯ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನೆಗಡಿಯಾದರೂ ವಿಲ್ ಬರೆಯುವ ಯೋಚನೆ ಮಾಡುವ ಮನುಷ್ಯ. ಫೋನಿನಲ್ಲಿ ಹುಡುಕಿದ. ಮೊದಲು ಸೋಂಕು ಎಂದಿತ್ತು, ಆಮೇಲೆ ಕಲ್ಲು ಎಂದಿತ್ತು. ಮೂರನೆಯ ಸಾಲು ಓದುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಹೆಂಡತಿ ಪಾವನಾಳನ್ನು ಕೂಗಿದ.

ಪಾವನಾ ಆಟೋ ಬುಕ್ ಮಾಡಿದಳು. ಲಿಫ್ಟಿನ ಬಾಗಿಲಲ್ಲಿ ಎದುರುಮನೆಯ ರಮಾಬಾಯಿ ಸಿಕ್ಕರು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನ. ಆಸ್ಪತ್ರೆಯಲ್ಲಿ ಚೆನ್ನಾಗಿ ತಮಿಳು ಬಲ್ಲವರು ಒಬ್ಬರು ಬೇಕು ಎನ್ನುತ್ತ ಅವರೂ ಆಟೋ ಹತ್ತಿದರು. ಹತ್ತಿದವರೇ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಧೈರ್ಯ ಹೇಳಿದರು.

"ಪಯಪಡಬೇಡ ಮಹದೇವ. ನಮ್ಮ ಭಾವಂಗೂ ಇಪ್ಪಡಿಯೇ ಕೆಂಪಗಾಯ್ತು. ಕಷ್ಟಪಡಲಿಲ್ಲ, ಎರಡೇ ವಾರ. ಪಾವಂ."

ಮೆಟ್ರೋ ಕಾಮಗಾರಿಯ ಸಂದಣಿಯಲ್ಲಿ ಆಟೋ ನಿಂತಿತು. ಮಹದೇವನಿಗೆ ತನಗೆ ಉಳಿದಿರುವುದು ಎರಡೇ ವಾರ ಎಂದು ಖಾತ್ರಿಯಾಯಿತು. ಎದೆಯಲ್ಲಿ ಭಾರ ಇಟ್ಟುಕೊಂಡು ಹೋಗಲು ಮನಸ್ಸಾಗಲಿಲ್ಲ.

ಗಂಡನಿಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಗೊತ್ತಾದಾಗಿನಿಂದ ಪಾವನಾ ದಿನಾ ಮುಂಜಾನೆ ಮಾರುಕಟ್ಟೆಗೆ ಹೋಗಿ, ಆಯಾ ಕಾಲದ ಸೀಬೆ, ಪಪ್ಪಾಯಿ, ಸೌತೆ ತಂದು, ಹೆಚ್ಚಿ, ತಿಂಡಿಯ ಡಬ್ಬಿಗೆ ತುಂಬಿ ಕೊಡುತ್ತಿದ್ದಳು.

"ಪಾವನಾ, ನೀನು ಕೊಟ್ಟ ಹಣ್ಣು ನಾನು ತಿಂತಾನೇ ಇರ್ಲಿಲ್ಲ ಕಣೇ. ಒಂದು ತಿಂಗಳಿಂದ ಸೆಕ್ಯೂರಿಟಿ ಸುರೇಶಂಗೆ ಕೊಟ್ಟು, ನಾನು ಗೇಟಿನ ಹತ್ರ ಪೊಂಗಲ್ ವಡೆ ತಿಂತಿದ್ದೆ. ನಿನ್ನೆ ಅವನು ರಜಾ ಅಂತ ಒಂದು ದಿನ ನಾನೇ ತಿಂದೆ. ಕ್ಷಮಿಸ್ಬಿಡು."

ಪಾವನಾ ಅವನ ಕೈ ಹಿಡಿದುಕೊಂಡಳು. "ಇರ್ಲಿ ಬಿಡಿ. ನೀವು ಹುಷಾರಾಗಿ ಮನೆಗೆ ಬಂದ್ರೆ ಸಾಕು." ರಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಗೆ ಕೊಟ್ಟು ಒಂದು ಗಂಟೆ ಕಾದರು. ನರ್ಸ್ ಯಾರ ಹೆಸರು ಕೂಗಿದರೂ ಮಹದೇವ ಎದ್ದು ನಿಲ್ಲುತ್ತಿದ್ದ. ಕೊನೆಗೆ ಒಳಗೆ ಕರೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಿಪೋರ್ಟ್ ಓದಿ, ನಿನ್ನೆ ಏನು ತಿಂದಿರಿ ಎಂದು ಕೇಳಿದರು. ಪಾವನಾ ಹೇಳಿದಳು: ಈಗ ಸೀಸನ್ ಎಂದು ಒಂದು ದೊಡ್ಡ ಡ್ರ್ಯಾಗನ್ ಫ್ರೂಟ್ ಹೆಚ್ಚಿ ಕೊಟ್ಟಿದ್ದೆ. ಒಳಗೆ ಬಿಳಿಯೋ ಕೆಂಪೋ ಎಂದರು. ಕೆಂಪು ಎಂದಳು.

ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟರು. ಆ ಹಣ್ಣಿನ ಬಣ್ಣ ಕೆಲವರಲ್ಲಿ ಹೀಗೇ ಇಳಿಯುತ್ತದಂತೆ. ರಕ್ತದ ಸುಳಿವೇ ಇಲ್ಲ, ಕಿಡ್ನಿ ಚೆನ್ನಾಗಿದೆ, ಹಣ್ಣು ಬಿಡಬೇಡಿ, ಮನೆಗೆ ಹೋಗಿ ಎಂದರು.

ಮಹದೇವ ನಗುತ್ತ ಎದ್ದ. ಅಷ್ಟರಲ್ಲಿ ತನ್ನ ಕೈಯೊಳಗಿದ್ದ ಪಾವನಾಳ ಕೈ ಜಾರಿದ್ದು ತಿಳಿಯಿತು. ಅವಳು ದನಿ ಏರಿಸದೆ ಕೇಳಿದಳು.

"ಒಂದು ತಿಂಗಳು. ದಿನಾ ಎಷ್ಟು ವಡೆ?"

ರಮಾಬಾಯಿ ಆಗಲೇ ದಾರಿ ಹುಡುಕಿದ್ದರು. "ಸೋಮವಾರದಿಂದ ಆ ಡಬ್ಬಿ ನಮ್ಮ ಮನೆಗೆ ಕಳಿಸು ಪಾವನಾ. ನನ್ನ ಎದುರಿಗೇ ಕೂತು ಸಾಪಿಟ್ಟು ಆಫೀಸಿಗೆ ಹೋಗಲಿ."

ಮಹದೇವ ಮತ್ತೆ ಕುರ್ಚಿಯಲ್ಲಿ ಕುಳಿತ. ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಬಾರದೇ, ಏನಾದರೂ ಸಿಕ್ಕರೂ ಸಿಗಬಹುದು ಎಂದು ಡಾಕ್ಟರಮ್ಮನನ್ನು ಬೇಡಿಕೊಂಡ.